ಕ್ಲಚ್ಚಿಗೆ ಏರ್ ಹಿಡಿದಿದೆಯೇ? ಪೆಡಲನ್ನೇ ಕೇಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕಾರು ಓಡಿಸುವವರ ಎಡಗಾಲಿಗೆ ಬಿಡುವಿಲ್ಲ. ಆಗುಂಬೆ ಘಾಟಿಯ 14 ತಿರುವು, ಹುಲಿಕಲ್ ಘಾಟಿಯ ಏರು, ತೋಟದ ಮನೆಗೆ ಇಳಿಯುವ ಕೆಸರು ದಾರಿ, ಶರಾವತಿ ಹಿನ್ನೀರಿನ ಲಾಂಚಿಗೆ ಇಂಚಿಂಚಾಗಿ ಕಾರು ಹತ್ತಿಸುವುದು, ಎಲ್ಲಕ್ಕೂ ಕ್ಲಚ್ ಸರಿಯಿರಬೇಕು. ಇಂಥ ಕಡೆ ಪೆಡಲ್ ಮೆತ್ತಗಾಗಿ, ರಿವರ್ಸ್ ಗೇರ್ ಕರಕರ ಎಂದರೆ ‘ಪ್ಲೇಟ್ ಹೋಯ್ತು’ ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಸಾವಿರಾರು ರೂಪಾಯಿ ತೆರಬೇಕು. ಅದಕ್ಕೆ ಮೊದಲು ಪೈಪಿನೊಳಗೆ ಗಾಳಿ ಸೇರಿದೆಯೇ ಎಂದು ನೋಡಲೇಬೇಕು.

ಹಳೆಯ ಮಾರುತಿ 800, ಓಮ್ನಿಗಳಲ್ಲಿ ಕ್ಲಚ್ ಎಳೆಯಲು ಕೇಬಲ್ ಇತ್ತು. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಆ ಕೆಲಸ ಬ್ರೇಕ್ ಆಯಿಲಿನದು. ಪೆಡಲ್ ತುಳಿದಾಗ ಮೇಲಿನ ಮಾಸ್ಟರ್ ಸಿಲಿಂಡರ್ ಆಯಿಲನ್ನು ದೂಡುತ್ತದೆ. ಕೆಳಗಿನ ಸ್ಲೇವ್ ಸಿಲಿಂಡರ್ ಆ ಒತ್ತಡದಿಂದ ಕ್ಲಚ್ ಬಿಡಿಸುತ್ತದೆ. ದ್ರವ ಕುಗ್ಗುವುದು ತೀರಾ ಅತ್ಯಲ್ಪ, ಹಾಗಾಗಿ ಕಾಲಿನ ಬಲ ಪೂರ್ತಿ ತಲುಪುತ್ತದೆ. ಗಾಳಿ ಹಾಗಲ್ಲ. ಸೂಜಿಯಿಲ್ಲದ ಸಿರಿಂಜಿಗೆ ನೀರು ತುಂಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ, ಕದಲುವುದಿಲ್ಲ. ಅರ್ಧ ಗಾಳಿ ಬಿಟ್ಟು ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ.

ಲೆಕ್ಕ ಹಾಕೋಣ. 16 ಮಿಲಿಮೀಟರ್ ವ್ಯಾಸದ ಪಿಸ್ಟನ್ 30 ಮಿಲಿಮೀಟರ್ ಸರಿದರೆ ದೂಡುವ ಆಯಿಲ್ ಸುಮಾರು 6 ಮಿಲಿಲೀಟರ್. ಒಳಗೆ 2 ಮಿಲಿಲೀಟರ್ ಗಾಳಿಯಿದ್ದು, ಒತ್ತಡ ವಾತಾವರಣದ 30 ಪಟ್ಟು ಏರಿತೆನ್ನಿ. ಆ ಗಾಳಿ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆಗೆ ಕುಗ್ಗುತ್ತದೆ. ಅಂದರೆ ಪೆಡಲಿನ ಓಟದಲ್ಲಿ ಸುಮಾರು ಮೂರನೇ ಒಂದು ಪಾಲು ಗಾಳಿಯನ್ನು ಹಿಂಡುವುದರಲ್ಲೇ ಮುಗಿಯಿತು. ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ.

ಪತ್ತೆ ಮಾಡಲು ಪೆಡಲನ್ನು ಬೇಗಬೇಗ ನಾಲ್ಕೈದು ಸಲ ಪಂಪ್ ಹೊಡೆಯಿರಿ. ಪ್ರತಿ ಸಲವೂ ಬ್ರೇಕ್ ಆಯಿಲ್ ಡಬ್ಬಿಯಿಂದ ಇನ್ನಷ್ಟು ಆಯಿಲ್ ಪೈಪಿಗೆ ಸೇರುತ್ತದೆ. ಪೆಡಲ್ ಗಟ್ಟಿಯಾಗಿ, ಮೇಲೆ ಬಂದು, ಗೇರ್ ಸುಲಭವಾಗಿ ಬಿದ್ದರೆ, ಸ್ವಲ್ಪ ಹೊತ್ತು ಬಿಟ್ಟಾಗ ಮತ್ತೆ ಮೆತ್ತಗಾದರೆ, ಮೊದಲ ಅನುಮಾನ ಗಾಳಿಯ ಮೇಲೆ. ಎರಡನೆಯದು, ಮುಂದೆ ಜಾಗವಿರುವ ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಚಾಲೂ ಇಟ್ಟು, ಗೇರಿನಲ್ಲಿ ಪೆಡಲ್ ತುಳಿದು ಹಿಡಿಯಿರಿ. ಮೊದಲು ಸರಿಯಿದ್ದು, ನಿಧಾನವಾಗಿ ಕಾರು ಮುಂದಕ್ಕೆ ಎಳೆಯತೊಡಗಿದರೆ ಸಿಲಿಂಡರಿನ ರಬ್ಬರ್ ವಾಷರ್ ಸೋಲುತ್ತಿದೆ, ಆಯಿಲ್ ಹಿಂದೆ ನುಸುಳುತ್ತಿದೆ. ಘಾಟಿ ಏರುವಾಗ ಎಂಜಿನ್ ಕೂಗಿ ಕಾರು ಏರದಿದ್ದರೆ ಮಾತು ಬೇರೆ. ಅದು ಸಾಮಾನ್ಯವಾಗಿ ಸವೆದ ಪ್ಲೇಟಿನ ಲಕ್ಷಣ, ಗಾಳಿಯದಲ್ಲ.

ಮುಚ್ಚಿದ ಪೈಪಿಗೆ ಗಾಳಿ ಸುಮ್ಮನೆ ಬರುವುದಿಲ್ಲ. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿರಬೇಕು, ಇಲ್ಲವೇ ವಾಷರ್ ಹಾಳಾಗಿರಬೇಕು. ಮಲೆನಾಡಿನ ತೇವಕ್ಕೆ ಇಲ್ಲಿ ಪಾತ್ರವಿದೆ. ಡಾಟ್ 3, ಡಾಟ್ 4 ಆಯಿಲ್‌ಗಳು ಗಾಳಿಯ ನೀರಂಶ ಹೀರುತ್ತವೆ. ಆ ನೀರು ಸಿಲಿಂಡರಿನ ಒಳಮೈಗೆ ತುಕ್ಕು ಹಿಡಿಸಿ ರಬ್ಬರನ್ನು ತರಿಯುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್; ಶೇ 3.7ರಷ್ಟು ನೀರು ಸೇರಿದರೆ ಅದರ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಡಬ್ಬಿ ಒಂದೇ. ಘಾಟಿ ಇಳಿಯುವವರು ಈ ಅಂಕಿಯನ್ನು ಹಗುರವಾಗಿ ಕಾಣಬಾರದು.

ಏರ್ ತೆಗೆಯಲು ಇಬ್ಬರು ಬೇಕು. ಸ್ಲೇವ್ ಸಿಲಿಂಡರಿನ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಆಯಿಲಿನಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲ್ ತುಳಿದು ಹಿಡಿದಾಗ ಮತ್ತೊಬ್ಬರು ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ಗುಳ್ಳೆ ನಿಲ್ಲುವತನಕ ಹೀಗೆಯೇ. ನಡುವೆ ಡಬ್ಬಿ ಖಾಲಿಯಾದರೆ ಶ್ರಮ ವ್ಯರ್ಥ. ತೆಗೆದ ಆಯಿಲನ್ನು ಮತ್ತೆ ಸುರಿಯಬೇಡಿ. ಎಂಜಿನ್ ಆಯಿಲ್ ಹಾಕಿದರಂತೂ ರಬ್ಬರ್ ಉಬ್ಬಿ ಎಲ್ಲ ಕೆಡುತ್ತದೆ.

ಕೆಲವೇ ದಿನಗಳಲ್ಲಿ ಪೆಡಲ್ ಮತ್ತೆ ಮೆತ್ತಗಾದರೆ ಇನ್ನೊಮ್ಮೆ ಏರ್ ತೆಗೆಸಿ ಸಮಾಧಾನಪಡಬೇಡಿ. ಪೆಡಲಿನ ಮೇಲ್ಭಾಗ, ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ, ಗೇರ್‌ಬಾಕ್ಸ್ ತಳ, ಈ ಮೂರೂ ಕಡೆ ಒದ್ದೆ ಇದೆಯೇ ನೋಡಿಸಿ. ಸೋರಿಕೆ ಸರಿಯಾಗುವವರೆಗೆ ಆ ಕಾರನ್ನು ಘಾಟಿಗೆ ಒಯ್ಯಬೇಡಿ.