ಉಳಿದದ್ದು ಅರುವತ್ತಲ್ಲ

ಮಣೆಯಲ್ಲಿ ಕುಳಿತು ಅಡಿಕೆ ಸುಲಿಯುವವನ ಕಾಲಿಗೆ ಬಲವೆಷ್ಟೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೈ ಓಡಿದರೆ ಸಾಕು. ಅದೇ ಮನುಷ್ಯ ಕಚೇರಿಯ ಕೆಲಸ ಕೇಳಿಕೊಂಡು ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಾಲೇ. ವೈದ್ಯಕೀಯ ಮಂಡಳಿ ಶೇಕಡಾ 40 ಎಂದು ಬರೆದುಕೊಟ್ಟಿತೆನ್ನಿ, ಉಳಿದದ್ದು 60 ಎಂದು ಮನೆಯವರೂ ಲೆಕ್ಕ ಹಾಕಿಬಿಡುತ್ತಾರೆ. ಅದು ಊನದ ಅಳತೆ, ದುಡಿಮೆಯದ್ದಲ್ಲ.

ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚು ಅಂಗವೈಕಲ್ಯವುಳ್ಳವರಿಗೆ 2016ರ ಕಾಯಿದೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 4 ಮೀಸಲಿಟ್ಟಿದೆ. ಇದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಅದರ 20ನೇ ಸೆಕ್ಷನ್. ಸೇವೆಯಲ್ಲಿರುವಾಗ ಅಂಗವಿಕಲನಾದ ಸರಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸ ಕೊಡಬೇಕು. ಅದೂ ಇಲ್ಲವಾದರೆ ಸೂಕ್ತ ಹುದ್ದೆ ಸಿಗುವ ತನಕ ಅಥವಾ ನಿವೃತ್ತಿಯ ತನಕ ಹೆಚ್ಚುವರಿ ಹುದ್ದೆಯಲ್ಲಿಟ್ಟುಕೊಳ್ಳಬೇಕು. ಅಪಘಾತವಾದ ಕೂಡಲೇ ರಾಜೀನಾಮೆ ಬರೆಯಲು ಹೊರಡುವವರು ಒಂದಿಷ್ಟು ತಾಳಬೇಕು.

ಅಂಗಡಿ, ಬೀಡಿ ಕೆಲಸದವರಿಗೆ ಈ ಆಸರೆಯಿಲ್ಲ. ಅಲ್ಲಿ ಹೆಚ್ಚಿನದೆಲ್ಲ ಧಣಿಯ ಮನಸ್ಸು: ಬಸ್ಸಿನ ನೂಕುನುಗ್ಗಲು ಕಳೆದ ಮೇಲೆ ಬರಲು ಒಪ್ಪಿಗೆ. ಹೆಚ್ಚಿನ ಖರ್ಚೇನೂ ಅಲ್ಲ.

ಅರ್ಜಿಯಲ್ಲಿ ಆಗದ ಕೆಲಸದ ಜತೆಗೆ ಆಗುವ ಕೆಲಸವನ್ನೂ ಬರೆಯಿರಿ. ಮಲಯಾಳ ಬಾರದೆಂದು ಹಿಂಜರಿಯಬೇಡಿ; ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ನಮ್ಮ ಅಲ್ಪಸಂಖ್ಯಾತ ಪ್ರದೇಶಕ್ಕೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿತು.