ಹೊಲದಲ್ಲಿ ಕೂಡದ ಹತ್ತಿ

ನರಗುಂದದಿಂದ ರೋಣ, ಗಜೇಂದ್ರಗಡದ ಕಡೆಗೆ ಹೋಗುವ ದಾರಿಯ ಎರೆ ಹೊಲಗಳ ಹಳೆಯ ಬೆಳೆ ಜವಾರಿ ಹತ್ತಿ. ಜಯಧರ ಅದೇ ಜಾತಿಯ ತಳಿ. 1840ರ ದಶಕದಲ್ಲಿ ಬ್ರಿಟಿಷರು ಧಾರವಾಡ ಸೀಮೆಗೆ ಅಮೆರಿಕದ ಹತ್ತಿಬೀಜ ತಂದು ಬಿತ್ತಿಸಿದರು. ಅರಳೆಗೆ ಅರಳೆ ಬೆರೆಸಿ ಮಾರುವ ವ್ಯಾಪಾರಿಗಳ ಕಾಟ ಎಷ್ಟಾಯಿತೆಂದರೆ, ಕಲಬೆರಕೆ ತಡೆಯಲು 1863ರಲ್ಲಿ ಮುಂಬಯಿ ಸರ್ಕಾರ ಕಾನೂನನ್ನೇ ತಂದಿತು. ಹೊಲದಲ್ಲಿ ಮಾತ್ರ ಕಾನೂನು ಬೇಕಾಗಲಿಲ್ಲ. ಜೇನ್ನೊಣ ಬದು ನೋಡಿ ಹಾರುವುದಿಲ್ಲ. ಆದರೂ ಈ ಎರಡು ಹತ್ತಿ ಕೂಡಿ ಒಂದಾಗಲಿಲ್ಲ.

ಜವಾರಿಯ ಜೀವಕೋಶದಲ್ಲಿ 26 ವರ್ಣತಂತುಗಳು, ಅಮೆರಿಕನ್ ಹತ್ತಿಯಲ್ಲಿ 52. ಮಗುವಿಗೆ ಒಂದರಿಂದ 13, ಇನ್ನೊಂದರಿಂದ 26, ಒಟ್ಟು 39. ಹೆಚ್ಚಾಗಿ ಬೀಜವೇ ಕಟ್ಟುವುದಿಲ್ಲ. ಕಟ್ಟಿ, ಗಿಡವಾಗಿ ಹೂಬಿಟ್ಟರೂ ಪರಾಗ ತಯಾರಾಗುವಾಗ 13 ವರ್ಣತಂತುಗಳಿಗೆ ಜೋಡಿ ಸಿಗದು; ಪರಾಗ ಜೊಳ್ಳು. ಹೀಗೆ ಸಂತಾನ ಮುಂದುವರಿಯದಂತೆ ಬೇರ್ಪಟ್ಟ ಗುಂಪುಗಳನ್ನೇ ಬೇರೆ ಬೇರೆ ಪ್ರಭೇದ ಎನ್ನಬೇಕೆಂದು ಜೀವವಿಜ್ಞಾನಿ ಅರ್ನ್ಸ್ಟ್ ಮಾಯರ್ 1942ರಲ್ಲಿ ವಾದಿಸಿದ.

ಆದರೆ ಈ ಗೋಡೆ ಎಲ್ಲ ಕಡೆ ಒಂದೇ ಎತ್ತರಕ್ಕಿಲ್ಲ. ಧಾರವಾಡದಲ್ಲಿ ಹತ್ತಿ ತಳಿವಿಜ್ಞಾನಿ ಬಿ. ಎಚ್. ಕಟರಕಿ ಅಮೆರಿಕನ್ ಜಾತಿಯ ‘ಲಕ್ಷ್ಮಿ’ಯನ್ನು ದಕ್ಷಿಣ ಅಮೆರಿಕ ಮೂಲದ ಉದ್ದನೂಲಿನ ಹತ್ತಿಯೊಂದಿಗೆ ಕೂಡಿಸಿದರು, 1972ರಲ್ಲಿ ‘ವರಲಕ್ಷ್ಮಿ’ ಬಂತು. ಪ್ರಭೇದ ಎರಡು, ವರ್ಣತಂತು ಎರಡರಲ್ಲೂ 52. ಮೊದಲ ಪೀಳಿಗೆ ಸೊಂಪಾಗಿ ಬೆಳೆದು ಕಾಯಿ ತುಂಬಿ ನಿಂತಿತು. ಅದರ ಬೀಜವನ್ನು ಎತ್ತಿಟ್ಟು ಬಿತ್ತಿದರೋ, ಒಂದು ಗಿಡ ಎತ್ತರ, ಒಂದು ಗಿಡ್ಡ, ಇನ್ನೊಂದು ಬಂಜೆ. ದೂರದ ನೆಲಗಳಲ್ಲಿ ಲಕ್ಷಾಂತರ ವರ್ಷ ಬೇರೆಯಾಗಿ ಬದಲಾದ ಎರಡು ಕುಲಗಳ ಜೀನುಗಳು ಇಡಿಯಾಗಿ ಒಟ್ಟಿಗಿದ್ದಾಗ ಹೊಂದಿಕೊಳ್ಳುತ್ತವೆ, ಮೊಮ್ಮಕ್ಕಳಲ್ಲಿ ಕಲಸಿದಾಗ ಕೆಡುತ್ತವೆ. ಅದಕ್ಕೇ ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಸವರುವ ‘ಕ್ರಾಸಿಂಗ್’ ಕೆಲಸ ವರ್ಷವರ್ಷವೂ ಬೇಕು. ರೈತನಿಗೆ ವರ್ಷವರ್ಷವೂ ಬೀಜದ ಖರ್ಚು.

ಈ 52 ಹುಟ್ಟಿದ ಬಗೆ ಇನ್ನೂ ಸೋಜಿಗದ್ದು. ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ ಜವಾರಿಯ ದಾಯಾದಿಯೊಂದು ಕಡಲು ದಾಟಿ ಅಮೆರಿಕದ ಕಾಡುಹತ್ತಿಯೊಡನೆ ಕೂಡಿತು. 13 ಮತ್ತು 13, ಯಾವುದಕ್ಕೂ ಜೋಡಿಯಿಲ್ಲ. ಆಕಸ್ಮಿಕವಾಗಿ ವರ್ಣತಂತುಗಳೆಲ್ಲ ಇಮ್ಮಡಿಯಾದವು. ಪ್ರತಿಯೊಂದಕ್ಕೂ ತನ್ನದೇ ಪ್ರತಿ ಜೋಡಿಯಾಯಿತು. ತಾಯಿ-ತಂದೆ ಇಬ್ಬರ ಕುಲದೊಂದಿಗೂ ಇನ್ನು ಸಲೀಸಾಗಿ ಕೂಡಲಾರದ ಹೊಸ ಪ್ರಭೇದ ಒಂದೆರಡು ಪೀಳಿಗೆಯಲ್ಲೇ ಸಿದ್ಧ. ಇದರ ಸುಳಿವು ಸಿಕ್ಕಿದ್ದು ಬಂಜೆ ಮಿಶ್ರತಳಿಗಳಿಂದಲೇ. ಆ 39ರಲ್ಲಿ ಜವಾರಿಯ 13ಕ್ಕೆ ಜೋಡಿಯಾಗುವ 13 ಅದರ ದಾಯಾದಿಯವು, ಒಂಟಿಯಾಗಿ ಉಳಿಯುವ 13 ಕಾಡುಹತ್ತಿಯವು.