ವಾಂತಿ-ಭೇದಿಗೆ ಬರೀ ನೀರು ಏಕೆ ಸಾಲದು? ಓಆರ್‌ಎಸ್ ಕರುಳಿನ ಪೊರೆ ದಾಟುವ ಬಗೆ

ಬೇಸಿಗೆ ಶುರುವಾದರೆ ಸಾಕು, ವಾಂತಿ-ಭೇದಿಗೆ ಮನೆಮದ್ದು ಹೇಳುವ ಫಾರ್ವರ್ಡ್‌ಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತವೆ. ಆರ್‌ಒ ನೀರು ಶುದ್ಧ, ಅದನ್ನೇ ಜಾಸ್ತಿ ಕುಡಿಸಿದರೆ ಸಾಕು ಎನ್ನುತ್ತದೆ ಒಂದು. ಗ್ಲೂಕೋಸ್ ಪುಡಿ ಕಲಸಿ ಕೊಡಿ, ತಕ್ಷಣ ಶಕ್ತಿ ಬರುತ್ತದೆ ಎನ್ನುತ್ತದೆ ಇನ್ನೊಂದು. ಶುಗರ್ ಇರುವವರು ಓಆರ್‌ಎಸ್ ಮುಟ್ಟಲೇಬಾರದು ಎನ್ನುವುದು ಮೂರನೆಯದು. ಮೂರನ್ನೂ ನಂಬಬೇಡಿ. ಏಕೆಂದು ತಿಳಿಯಲು ಜೀವಕೋಶದ ಪೊರೆ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ.

ಪೊರೆ ಎಂದರೆ ಟಿ. ದಾಸರಹಳ್ಳಿಯವರಿಗೆ ಹೊಸ ವಿಷಯವಲ್ಲ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದೊಳಗೂ ಒಂದು ಪೊರೆ ಇದೆ. ಬೋರ್‌ವೆಲ್ ನೀರನ್ನು ಮೋಟಾರು ಜೋರಾಗಿ ಅದರ ಮೇಲೆ ಒತ್ತುತ್ತದೆ. ನೀರು ದಾಟುತ್ತದೆ, ಉಪ್ಪಿನಂಶದ ಬಹುಪಾಲು ಆಚೆಯೇ ಉಳಿಯುತ್ತದೆ. ಜೀವಕೋಶದ ಪೊರೆಯನ್ನೂ ಹೀಗೇ ಒಂದು ಜರಡಿ ಎಂದುಕೊಂಡರೆ ಎಡವುತ್ತೇವೆ.

ನಮ್ಮ ಕೋಶದ ಪೊರೆ ಕೊಬ್ಬಿನಿಂದಾದದ್ದು. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವುದು ನೋಡಿದ್ದೀರಲ್ಲ, ಎಣ್ಣೆ ನೀರಿನ ಜೊತೆ ಬೆರೆಯದು. ಪೊರೆಯಲ್ಲಿರುವ ಕೊಬ್ಬಿನ ಅಣುಗಳಿಗೆ ಮಾತ್ರ ಒಂದು ವಿಶೇಷವಿದೆ. ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ಆಗದು. ಕೋಶದ ಒಳಗೂ ನೀರು, ಹೊರಗೂ ನೀರು. ಹಾಗಾಗಿ ಅವು ಎರಡು ಸಾಲಾಗಿ ನಿಂತು ತಲೆಗಳನ್ನು ನೀರಿನ ಕಡೆಗೆ ಇಟ್ಟು, ಬಾಲಗಳನ್ನು ನಡುವೆ ಬಚ್ಚಿಟ್ಟುಕೊಳ್ಳುತ್ತವೆ. ಈ ಜೋಡಿ ಪದರವನ್ನು 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳಲ್ಲಿ ಗುರುತಿಸಿದರು. ಕೊಬ್ಬಿನ ಈ ಪದರದ ದಪ್ಪ ಸುಮಾರು 5 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಪಾಲು. ಇದು ಗಟ್ಟಿ ಗೋಡೆಯೂ ಅಲ್ಲ. ಅಣುಗಳು ಅಕ್ಕಪಕ್ಕ ಜಾರುತ್ತಲೇ ಇರುತ್ತವೆ. ಸೋಪು ಹಚ್ಚಿದರೆ ಕೊರೊನಾ ವೈರಸ್ ಹಾಳಾಗುತ್ತದೆ ಎಂದು ಆಗ ಕೇಳಿದ್ದೀರಿ. ಅದಕ್ಕೆ ಕಾರಣ ವೈರಸ್ಸಿನ ಹೊದಿಕೆಯೂ ಇಂಥದ್ದೇ ಕೊಬ್ಬಿನ ಪದರ, ಸೋಪು ಅದನ್ನು ಕಿತ್ತುಹಾಕುತ್ತದೆ.

ಆಮ್ಲಜನಕದಂಥ ಸಣ್ಣ ಅಣುಗಳು ಈ ಕೊಬ್ಬನ್ನು ಸುಲಭವಾಗಿ ದಾಟುತ್ತವೆ. ಉಪ್ಪಿನ ಸೋಡಿಯಂ ಮತ್ತು ಗ್ಲೂಕೋಸ್‌ಗೆ ಅದು ಸಾಧ್ಯವಿಲ್ಲ. ಅವಕ್ಕೆಂದೇ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ, ಕೆಲವು ಬಾಗಿಲು, ಕೆಲವು ಪಂಪು. ನೀರಿಗೂ ಅನೇಕ ಕೋಶಗಳಲ್ಲಿ ಪ್ರತ್ಯೇಕ ಕೊಳವೆಗಳಿವೆ. ಇಂಥ ಒಂದೊಂದು ಕೊಳವೆ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳನ್ನು ಬಿಡಬಲ್ಲದು. ಇದನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಇಷ್ಟಿದ್ದರೂ ನೀರನ್ನೇ ಹಿಡಿದು ತಳ್ಳುವ ಮೋಟಾರು ನಮ್ಮ ಕರುಳಿನಲ್ಲಿಲ್ಲ. ಉಪ್ಪು, ಸಕ್ಕರೆ ಹೆಚ್ಚಿರುವ ಕಡೆಗೆ ನೀರು ತಾನಾಗಿ ಹೋಗುತ್ತದೆ, ಅಷ್ಟೇ. ಸ್ಕೂಲಿನಲ್ಲಿ ಅಭಿಸರಣೆ ಎಂದು ಓದಿದ್ದು ಇದನ್ನೇ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕುವುದೂ ಇದಕ್ಕೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಪಾತ್ರೆಯ ತಳದಲ್ಲಿ ನಿಲ್ಲುತ್ತದೆ.

ಕಾಲರಾ ರೋಗಾಣುವಿನ ವಿಷ ಇದನ್ನೇ ನಮ್ಮ ಮೇಲೆ ತಿರುಗಿಸುತ್ತದೆ. ಕರುಳಿನ ಕೋಶಗಳ ಕ್ಲೋರೈಡ್ ಬಾಗಿಲನ್ನು ಮುಚ್ಚಲು ಬಿಡದೆ ತೆರೆದಿಡುತ್ತದೆ. ಉಪ್ಪು ಕರುಳಿನೊಳಕ್ಕೆ ಸುರಿಯುತ್ತದೆ, ಅದರ ಹಿಂದೆ ನೀರೂ ಬರುತ್ತದೆ. ಇಂಥ ಹೊತ್ತಿನಲ್ಲಿ ಎಷ್ಟು ಆರ್‌ಒ ನೀರು ಕುಡಿಸಿದರೂ ಅದನ್ನು ರಕ್ತದ ಕಡೆಗೆ ಎಳೆಯಲು ಬೇಕಾದ ಉಪ್ಪು ಅದರಲ್ಲಿಲ್ಲ. ಹೋದ ಉಪ್ಪೂ ವಾಪಸ್ ಬರುವುದಿಲ್ಲ.

ಆದರೆ ವಿಷಕ್ಕೆ ಕೆಡಿಸಲಾಗದ ಒಂದು ಬಾಗಿಲು ಉಳಿದಿರುತ್ತದೆ. ಅದರ ನಿಯಮ ವಿಚಿತ್ರ: ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಸಕ್ಕರೆ ಮತ್ತು ಉಪ್ಪು ಹೀಗೆ ಜೋಡಿಯಾಗಿ ದಾಟುತ್ತವೆ ಎಂದು ರಾಬರ್ಟ್ ಕ್ರೇನ್ 1960ರಲ್ಲಿ ಹೇಳಿದರು. ಒಳಬಂದ ಸೋಡಿಯಂ ಅನ್ನು ಕೋಶದ ಹಿಂಬದಿಯ ಪಂಪು ರಕ್ತದ ಕಡೆಗೆ ತಳ್ಳುತ್ತದೆ. ನೀರು ಅದನ್ನು ಹಿಂಬಾಲಿಸುತ್ತದೆ. ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು ಶಕ್ತಿಗಾಗಿ ಎನ್ನುವುದಕ್ಕಿಂತ ಉಪ್ಪಿಗೆ ಬಾಗಿಲು ತೆರೆಯಲು.

ಇದು ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರಿಗೆ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಖಾಲಿಯಾಗುತ್ತಿದ್ದವು. ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅವರ ನಿಗಾದಲ್ಲಿದ್ದವರಲ್ಲಿ ಸಾವಿನ ಪ್ರಮಾಣ ಸುಮಾರು ಶೇ. 30ರಿಂದ 3.6ಕ್ಕೆ ಇಳಿಯಿತು. ದೇಶ ಅವರಿಗೆ ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ. ತಡವಾಯಿತು ಎಂದೇ ನಮಗನಿಸುತ್ತದೆ.

ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಲೆಕ್ಕ ತಪ್ಪಿದರೆ ಕೆಲಸ ಉಲ್ಟಾ ಆಗುತ್ತದೆ. ಕೋಲಾದಂಥ ಪಾನೀಯದಲ್ಲಿ ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ, ಉಪ್ಪು ಹೆಸರಿಗಷ್ಟೇ. ಅಷ್ಟು ಸಕ್ಕರೆ ರಕ್ತದಿಂದ ಕರುಳಿನೊಳಕ್ಕೇ ನೀರು ಎಳೆದು ಭೇದಿ ಹೆಚ್ಚಿಸಬಹುದು. ಬರೀ ಗ್ಲೂಕೋಸ್ ಪುಡಿಯದ್ದೂ ಇದೇ ತೊಂದರೆ, ಜೊತೆಗೆ ಬೇಕಾದಷ್ಟು ಸೋಡಿಯಂ ಇಲ್ಲ. ಈ ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಬಣ್ಣದ ಟೆಟ್ರಾ ಪ್ಯಾಕ್ ನೋಡಿ ಮೋಸಹೋಗಬೇಡಿ, ಹಿಂಬದಿಯ ಅಳತೆ ಓದಿ.

ಮನೆಗಳಲ್ಲಿ ಆಗುವ ಎಡವಟ್ಟು ಬೇರೆಯದು. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿಯುವುದು, ಇಲ್ಲವೇ ಅಂದಾಜಿಗೆ ಅರ್ಧ ಹಾಕುವುದು. ಪುಡಿ ಜಾಸ್ತಿಯಾದರೆ ಮಗುವಿನ ರಕ್ತದಲ್ಲಿ ಉಪ್ಪು ಏರಿ ಅಪಾಯವಾಗಬಹುದು. ಇಡೀ ಪ್ಯಾಕೆಟ್, ಅದರ ಮೇಲೆ ಬರೆದಷ್ಟೇ ನೀರು. 200 ಮಿಲಿಯ ಚಿಕ್ಕ ಪ್ಯಾಕೆಟ್ಟೂ ಸಿಗುತ್ತದೆ. ಕಲಸಲು ಆರ್‌ಒ ಕ್ಯಾನಿನ ನೀರು ಆಗುತ್ತದೆ. ಟ್ಯಾಂಕರ್, ಬೋರ್‌ವೆಲ್ ನೀರಾದರೆ ಕುದಿಸಿ ಆರಿಸಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟ ಮಾಡಿ ಅಳೆಯಿರಿ. ಕಲಸಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇನ್ನು ಶುಗರ್ ಇರುವವರ ವಿಚಾರ. ಒಂದು ಲೋಟ ಓಆರ್‌ಎಸ್‌ನಲ್ಲಿ ಮೂರು ಗ್ರಾಂಗೂ ಕಡಿಮೆ ಗ್ಲೂಕೋಸ್ ಇದೆ. ಭೇದಿಯಿಂದ ದೇಹ ಒಣಗುವುದು ಅದಕ್ಕಿಂತ ದೊಡ್ಡ ಅಪಾಯ, ಹಾಗಾಗಿ ಕುಡಿಯಬಹುದು, ಶುಗರ್ ನೋಡಿಕೊಳ್ಳುತ್ತಿರಿ. ಆದರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವಾಂತಿ-ಭೇದಿಯ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕರುಳಿನ ಆ ಜೋಡಿ ಬಾಗಿಲಿಗೆ ಕಿಡ್ನಿಯಲ್ಲೊಂದು ಸೋದರ ಬಾಗಿಲಿದೆ, ಈ ಮಾತ್ರೆಗಳು ಮುಚ್ಚುವುದು ಅದನ್ನೇ. ಸಕ್ಕರೆಯ ಜೊತೆ ನೀರೂ ಮೂತ್ರದಲ್ಲಿ ಹೋಗುವುದರಿಂದ ಅಂಥ ದಿನ ಮಾತ್ರೆ ನಿಲ್ಲಿಸಲು ಅವರು ಹೇಳಬಹುದು.